ಘಾಟಿಯಲ್ಲಿ ಮಾತ್ರ ಕೈಕೊಡುವ ಬ್ರೇಕ್: ಹಳೆಯ ಪಿಕಪ್ ಒಂದರ ಪ್ರಕರಣ ಅಧ್ಯಯನ

ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರ 14 ವರ್ಷ ಹಳೆಯ ಡೀಸೆಲ್ ಪಿಕಪ್‌ನಲ್ಲಿ ಕಾಣಿಸಿಕೊಂಡ ಬ್ರೇಕ್ ದೋಷವನ್ನು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಗ್ಯಾರೇಜೊಂದರಲ್ಲಿ ಪತ್ತೆ ಹಚ್ಚಿದ ಬಗೆಯನ್ನು ಇಲ್ಲಿ ದಾಖಲಿಸಲಾಗಿದೆ. ದೋಷವೇನೂ ಅಪರೂಪದ್ದಲ್ಲ. ಆದರೆ ಅದು ಪೆಡಲ್‌ನಲ್ಲಿ ಕಾಣಿಸಿಕೊಂಡಿದ್ದರಿಂದ ಎಲ್ಲರೂ ಪೆಡಲ್‌ನ ಆಸುಪಾಸಿನಲ್ಲೇ ಹುಡುಕಿದರು. ಮೂಲ ಇದ್ದದ್ದು ಮುಂದಿನ ಬಲಗಾಲಿಯ ಬಳಿ, ಮೇಲ್ನೋಟಕ್ಕೆ ಏನೂ ಆಗಿಲ್ಲವೆಂದು ಕಾಣುತ್ತಿದ್ದ ಒಂದು ಮೊಳದಷ್ಟೂ ಉದ್ದವಿಲ್ಲದ ರಬ್ಬರ್ ಹೋಸ್‌ನಲ್ಲಿ.

ವಾಹನ ಮತ್ತು ದೂರು

ಈ ವರ್ಗದ ಬಹುಪಾಲು ಪಿಕಪ್‌ಗಳಂತೆ ಇದಕ್ಕೂ ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಮಾಸ್ಟರ್ ಸಿಲಿಂಡರ್‌ನಲ್ಲಿ ಎರಡು ಭಾಗಗಳಿದ್ದು, ಒಂದು ಮುಂದಿನ ಗಾಲಿಗಳಿಗೂ ಇನ್ನೊಂದು ಹಿಂದಿನ ಗಾಲಿಗಳಿಗೂ ಬೇರೆ ಬೇರೆಯಾಗಿ ಬ್ರೇಕ್ ಆಯಿಲ್ ಒತ್ತುತ್ತದೆ. ಪೆಡಲ್ ಹಗುರಾಗಿಸಲು ವ್ಯಾಕ್ಯೂಮ್ ಬೂಸ್ಟರ್ ಇದೆ. ಡೀಸೆಲ್ ಎಂಜಿನ್ ಆದ್ದರಿಂದ ಆ ವ್ಯಾಕ್ಯೂಮ್ ಆಲ್ಟರ್ನೇಟರ್ ಜೊತೆಗೆ ತಿರುಗುವ ಪಂಪ್‌ನಿಂದ ಬರುತ್ತದೆ. ಹಿಂದಿನ ಆಕ್ಸಲ್ ಮತ್ತು ಚಾಸಿಸ್‌ನ ನಡುವೆ, ಲೋಡ್ ಎಷ್ಟಿದೆ ಎಂಬುದನ್ನು ಗ್ರಹಿಸಿ ಹಿಂದಿನ ಬ್ರೇಕ್‌ನ ಒತ್ತಡವನ್ನು ಹೆಚ್ಚುಕಡಿಮೆ ಮಾಡುವ ಒಂದು ವಾಲ್ವ್ ಇದೆ. ಈ ವಾಲ್ವ್‌ನ ಮಾತು ಮುಂದೆ ಬರುತ್ತದೆ.

ಅಡಿಕೆ ಚೀಲಗಳನ್ನು ಶಿವಮೊಗ್ಗದ ಎಪಿಎಂಸಿಗೆ ಸಾಗಿಸುವಾಗ ಈ ಪಿಕಪ್ ಎಂದೂ ತೊಂದರೆ ಕೊಟ್ಟದ್ದಿಲ್ಲ. ಬಾಳೆಗೊನೆ, ಅನಾನಸ್ ತುಂಬಿಕೊಂಡು ನಗರ, ಮಾಸ್ತಿಕಟ್ಟೆ ದಾಟಿ ಹುಲಿಕಲ್‌ನಿಂದ ಬಾಳೆಬರೆ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರದ ಮೂಲಕ ಕುಂದಾಪುರಕ್ಕೆ ಹೋಗುವಾಗ ಮಾತ್ರ ದೋಷ ತಲೆ ಎತ್ತುತ್ತಿತ್ತು. ಚಂಡಿಕಾಂಬಾ ಗುಡಿಯ ಎದುರು ಕೈಮುಗಿಯಲೆಂದು ಗಾಡಿ ನಿಲ್ಲಿಸುವಾಗ ಪೆಡಲ್ ಸರಿಯಾಗಿಯೇ ಇರುತ್ತಿತ್ತು. ಕೆಳಗಿನ ತಿರುವುಗಳಲ್ಲಿ ಅದು ಬದಲಾಗುತ್ತಿತ್ತು. ಚಾಲಕನ ಮಾತನ್ನು ಇದ್ದಂತೆಯೇ ಕೊಡುವುದು ಒಳ್ಳೆಯದು, ಏಕೆಂದರೆ ಅರ್ಧ ರೋಗನಿರ್ಣಯ ಅದರಲ್ಲೇ ಇದೆ: "ಘಾಟಿ ಅರ್ಧ ಇಳಿಯೋ ತನಕ ಏನೂ ಗೊತ್ತಾಗಲ್ಲ ಅಣ್ಣ. ಆಮೇಲೆ ಪೆಡಲ್ ಹಂಗೇ ಒಳಗೆ ಹೋಗುತ್ತೆ. ಎರಡ್ಮೂರು ಸಲ ಪಂಪ್ ಹೊಡೆದ್ರೆ ಒಂಚೂರು ಮೇಲೆ ಬರುತ್ತೆ. ಸೈಡಿಗೆ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗಿರುತ್ತೆ."

ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಆತ ಹೇಳಿದ, ಅದೂ ಕೇಳಿದ ಮೇಲೆ. ಬ್ರೇಕ್ ಒತ್ತಿದ ಕೂಡಲೇ ಗಾಡಿ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಬಿಟ್ಟ ಮೇಲೆ ಸ್ವಲ್ಪ ದೂರ ಬಲಕ್ಕೆ ಎಳೆಯುತ್ತದೆ. ಮಾಲೀಕರು ಇದನ್ನು ಅಲೈನ್‌ಮೆಂಟ್ ತೊಂದರೆ ಎಂದುಕೊಂಡು ಅಲೈನ್‌ಮೆಂಟ್ ಮಾಡಿಸಿದ್ದರು. ಅಲೈನ್‌ಮೆಂಟ್ ತಪ್ಪಿದ ಗಾಡಿ ಒಂದೇ ಕಡೆಗೆ ಎಳೆಯುತ್ತದೆಯೇ ಹೊರತು ಪೆಡಲ್ ಒತ್ತಿದಾಗ ಒಂದು ದಿಕ್ಕು, ಬಿಟ್ಟಾಗ ಇನ್ನೊಂದು ದಿಕ್ಕು ಎಂದು ಬದಲಾಯಿಸುವುದಿಲ್ಲ.

ಹಿಂದಿನ ರಿಪೇರಿಗಳು

ಶಿವಮೊಗ್ಗಕ್ಕೆ ಬರುವ ಮೊದಲು ಗಾಡಿ ಬೇರೆ ಬೇರೆ ಕಡೆ ರಿಪೇರಿ ಕಂಡಿತ್ತು. ಮೊದಲು ಹಿಂದಿನ ಬ್ರೇಕ್ ಶೂಗಳನ್ನು, ಆಮೇಲೆ ಮಾಸ್ಟರ್ ಸಿಲಿಂಡರನ್ನೇ ಬದಲಿಸಲಾಗಿತ್ತು. ಕೊನೆಗೆ ಬೂಸ್ಟರ್ ಹೋಗಿದೆ ಎಂಬ ಸಲಹೆ ಬಂದಾಗ ಅದರ ಬೆಲೆ ಕೇಳಿದ ಮಾಲೀಕರು ಇನ್ನೊಂದು ಅಭಿಪ್ರಾಯ ಕೇಳುವ ಮನಸ್ಸು ಮಾಡಿದರು.

ಮಾಸ್ಟರ್ ಸಿಲಿಂಡರ್ ಬದಲಿಸಿದ ಮೇಲೆ ಕೆಲವು ವಾರ ದೋಷ ಕಾಣಿಸಲಿಲ್ಲ ಎಂಬುದು ಎಲ್ಲರನ್ನೂ ದಾರಿ ತಪ್ಪಿಸಿತ್ತು. ಹಳೆಯ ಸಿಲಿಂಡರೇ ಕಾರಣವಾಗಿತ್ತು, ಹೊಸದೂ ಕಳಪೆಯಾಗಿ ಬೇಗ ಹಾಳಾಯಿತು ಎಂಬ ತೀರ್ಮಾನಕ್ಕೆ ಮಾಲೀಕರು ಬಂದಿದ್ದರು. ನಿಜವಾಗಿ ನಡೆದದ್ದು ಬೇರೆ. ಸಿಲಿಂಡರ್ ಬದಲಿಸಿದಾಗ ಏರ್ ತೆಗೆಯಲೇಬೇಕು, ಅಂದರೆ ಪೈಪುಗಳಲ್ಲಿ ಸೇರಿಕೊಂಡ ಗಾಳಿಯನ್ನು ಆಯಿಲ್ ಜೊತೆಗೆ ಹೊರಹಾಕಬೇಕು. ಏರ್ ತೆಗೆಯುವಾಗ ಸ್ವಲ್ಪವಾದರೂ ಹೊಸ ಬ್ರೇಕ್ ಆಯಿಲ್, ಮುಂದಿನ ಗಾಲಿಯಲ್ಲಿ ಪಿಸ್ಟನ್‌ನಿಂದ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ತಲುಪಿರುತ್ತದೆ. ಹೊಸ ಆಯಿಲ್ ಬೇಗ ಕುದಿಯುವುದಿಲ್ಲ; ಪೆಡಲ್ ಒಳಗೆ ಹೋಗಲು ಕಾರಣ ಆಯಿಲ್ ಕುದಿಯುವುದೇ ಎಂಬುದು ಮುಂದೆ ಗೊತ್ತಾಗುತ್ತದೆ. ಆ ವಾರಗಳಲ್ಲಿ ಗಾಡಿ ಘಾಟಿ ಇಳಿದದ್ದೂ ಹಗುರ ಲೋಡಿನಲ್ಲಿ. ಬಿಡಿಭಾಗ ಬದಲಿಸಿದ್ದರಿಂದ ಗುಣವಾಯಿತೇ, ಅದರ ಜೊತೆಗೆ ಆದ ಇನ್ನೊಂದು ಕೆಲಸದಿಂದ ಗುಣವಾಯಿತೇ ಎಂಬ ಪ್ರಶ್ನೆಯನ್ನು ಗ್ಯಾರೇಜುಗಳಲ್ಲಿ ಕೇಳಿಕೊಳ್ಳುವವರು ಕಡಿಮೆ.

ಪ್ರತಿ ರಿಪೇರಿಯ ನಂತರದ ಪರೀಕ್ಷೆಯೂ ಒಂದೇ ಬಗೆಯದಾಗಿತ್ತು. ಖಾಲಿ ಗಾಡಿಯನ್ನು ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಜೋರಾಗಿ ಬ್ರೇಕ್ ಹೊಡೆದು, ಟೈರ್ ಕಿರುಚಿದರೆ ಸರಿಯಾಯಿತು ಎಂದು ಕೀ ಕೊಟ್ಟುಬಿಡುವುದು. 8 ವರ್ಷ ದಾಟಿದ ಸಾರಿಗೆ ವಾಹನಕ್ಕೆ ವರ್ಷಕ್ಕೊಮ್ಮೆ ಬೇಕಾಗುವ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ತಪಾಸಣೆಯಲ್ಲೂ ಈ ಗಾಡಿ ಪಾಸಾಗಿತ್ತು. ಇದರಲ್ಲಿ ಆಶ್ಚರ್ಯವಿಲ್ಲ, ತಪಾಸಣೆ ಮಾಡಿದವರ ಉದಾಸೀನವೂ ಇಲ್ಲ. ತಣ್ಣಗಿರುವಾಗ ಈ ಬ್ರೇಕ್ ನಿಜಕ್ಕೂ ಹಿಡಿಯುತ್ತಿತ್ತು.

ಪೆಡಲ್ ಏನು ಹೇಳುತ್ತದೆ

"ಬ್ರೇಕ್ ಹಿಡಿಯಲ್ಲ" ಎಂಬ ಒಂದೇ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರಬಹುದು. ಪೆಡಲ್ ಗಟ್ಟಿಯಾಗಿದ್ದು, ಎಷ್ಟು ತುಳಿದರೂ ಗಾಡಿ ನಿಲ್ಲದಿದ್ದರೆ ಬೂಸ್ಟರ್ ಅಥವಾ ವ್ಯಾಕ್ಯೂಮ್ ಪಂಪ್ ಕಡೆ ನೋಡಬೇಕು. ಘಾಟಿಯಲ್ಲಿ ಮಾತ್ರ ಹೀಗಾಗುತ್ತಿದ್ದು ಸುಟ್ಟ ವಾಸನೆಯೂ ಬರುತ್ತಿದ್ದರೆ ಪ್ಯಾಡ್ ಮತ್ತು ಲೈನರ್‌ಗಳು ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿವೆ ಎಂದು ತಿಳಿಯಬೇಕು. ತಣ್ಣಗೆ ನಿಂತ ಗಾಡಿಯಲ್ಲೂ ಕಾಲಿಟ್ಟುಕೊಂಡೇ ಇದ್ದರೆ ಪೆಡಲ್ ನಿಧಾನವಾಗಿ ಕುಸಿಯುತ್ತಿದ್ದು, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್‌ನ ಒಳಗಿನ ಸೀಲ್ ಬಿಡುತ್ತಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ಒಳಗೆ ಹೋಗಿ, ಪಂಪ್ ಹೊಡೆದರೆ ಮೇಲೆ ಬಂದು, ತಣ್ಣಗಾದ ಮೇಲೆ ತಾನಾಗಿ ಮೊದಲಿನಂತಾದರೆ ಪೈಪಿನೊಳಗೆ ಎಲ್ಲೋ ಆಯಿಲ್ ಕುದಿದು ಆವಿಯಾಗುತ್ತಿದೆ. ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ತುಳಿದ ಶಕ್ತಿಯೆಲ್ಲ ಆವಿಯನ್ನು ಕುಗ್ಗಿಸುವುದರಲ್ಲೇ ಮುಗಿದು ಪಿಸ್ಟನ್‌ಗೆ ತಲುಪುವುದಿಲ್ಲ. ತಣಿದಾಗ ಆವಿ ಮತ್ತೆ ದ್ರವವಾಗುವುದರಿಂದ ದೋಷದ ಗುರುತೇ ಉಳಿಯುವುದಿಲ್ಲ.

ಚಾಲಕ ಹೇಳಿದ್ದು ಈ ಕೊನೆಯದನ್ನು. ಹಾಗಿದ್ದರೂ ಮೆಕ್ಯಾನಿಕ್ ಬೂಸ್ಟರ್, ಮಾಸ್ಟರ್ ಸಿಲಿಂಡರ್ ಎರಡನ್ನೂ ನೋಡಿಯೇ ಮುಂದೆ ಹೋದರು. ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವವರೆಗೆ ತುಳಿದು, ಕಾಲು ತೆಗೆಯದೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿಯಿತು. ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅಷ್ಟು ಸಾಕು. ಪೆಡಲನ್ನು ಒಂದು ನಿಮಿಷ ಒಂದೇ ಸಮನೆ ಒತ್ತಿ ಹಿಡಿದಾಗ ಅದು ಕುಸಿಯಲಿಲ್ಲ. ಮಾಸ್ಟರ್ ಸಿಲಿಂಡರ್ ಕೂಡ ಸರಿಯಾಗಿತ್ತು. ಹೊಸ ಬೂಸ್ಟರ್‌ನ ಖರ್ಚು ಅಲ್ಲಿಗೇ ಉಳಿಯಿತು.

ಆಯಿಲ್ ಕುದಿಯುವಷ್ಟು ಬಿಸಿ ಎಲ್ಲಿಂದ

ಲೋಡ್ ಸೇರಿ 2.5 ಟನ್ ತೂಗುವ ಗಾಡಿ 500 ಮೀಟರ್ ಎತ್ತರದಿಂದ ಕೆಳಗಿಳಿಯಿತು ಎಂದುಕೊಳ್ಳೋಣ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 12 ಮೆಗಾಜೌಲ್, ಅಂದರೆ ಮಲೆನಾಡಿನ ಬಚ್ಚಲಿನ ಹಂಡೆಯಲ್ಲಿ 40 ಲೀಟರ್ ತಣ್ಣೀರನ್ನು ಕುದಿ ಬರುವವರೆಗೆ ಕಾಯಿಸಲು ಬೇಕಾಗುವಷ್ಟು. ಇದರಲ್ಲಿ ಒಂದಷ್ಟನ್ನು ಗಾಳಿ, ಟೈರುಗಳು ಮತ್ತು ಗೇರಿನಲ್ಲಿರುವ ಎಂಜಿನ್ ಹೀರಿಕೊಳ್ಳುತ್ತವೆ. ಉಳಿದದ್ದೆಲ್ಲ ಬ್ರೇಕ್‌ನಲ್ಲಿ ಬಿಸಿಯಾಗಿಯೇ ಹೋಗಬೇಕು. ನಾಲ್ಕು ಗಾಲಿಗಳು ಅದನ್ನು ಹಂಚಿಕೊಂಡರೆ ತೊಂದರೆ ಇಲ್ಲ; ಒಂದೇ ಗಾಲಿಯ ಪಾಲಿಗೆ ಹೆಚ್ಚು ಬಂದರೆ ಅಲ್ಲಿನ ಆಯಿಲ್ ತಡೆಯುವುದಿಲ್ಲ.

ಆಯಿಲ್ ಎಷ್ಟು ತಡೆಯುತ್ತದೆ ಎಂಬುದಕ್ಕೆ ನಿಗದಿತ ಅಳತೆ ಇದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು, ಶೇ 3.7ರಷ್ಟು ನೀರು ಹೀರಿಕೊಂಡ ಸ್ಥಿತಿಯಲ್ಲಿ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155 ಡಿಗ್ರಿ. ಗ್ಲೈಕಾಲ್ ಮೂಲದ ಈ ಆಯಿಲ್ ಗಾಳಿಯ ತೇವವನ್ನು ತಾನಾಗಿ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮಳೆ ಬಿಡದ ಊರಿನಲ್ಲಿ, ಮಳೆಗಾಲದ ಬಹುಪಾಲು ಕೊಟ್ಟಿಗೆಯ ಪಕ್ಕದ ಶೆಡ್‌ನಲ್ಲಿ ನಿಂತಿರುವ ಗಾಡಿಗೆ, ಮುಚ್ಚಳ ತೆಗೆದು ವರ್ಷವಾದ ಡಬ್ಬಿಯ ಆಯಿಲನ್ನೇ ಟಾಪ್‌ಅಪ್ ಮಾಡುತ್ತ ಬಂದರೆ ಅದು ಯಾವ ಮಿತಿಯ ಹತ್ತಿರ ಇರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮಾಲೀಕರು ಬಾನೆಟ್ ಎತ್ತಿ ಆಯಿಲ್ ತೊಟ್ಟಿಯನ್ನು ತೋರಿಸಿ, "ನೋಡಿ, ಎಷ್ಟು ಚೊಕ್ಕ ಇದೆ" ಎಂದರು. ಚೊಕ್ಕವಾಗಿಯೇ ಇತ್ತು. ಆದರೆ ಬ್ರೇಕ್ ಆಯಿಲ್ ಎಂಜಿನ್ ಆಯಿಲ್‌ನಂತೆ ಸುತ್ತಿ ಬರುವುದಿಲ್ಲ. ತೊಟ್ಟಿಯಲ್ಲಿ ಎಷ್ಟೇ ಹೊಸದು ತುಂಬಿದರೂ ಕ್ಯಾಲಿಪರ್‌ನಲ್ಲಿರುವ ಹಳೆಯದು ಅಲ್ಲೇ ಕುಳಿತಿರುತ್ತದೆ, ಮತ್ತು ಬಿಸಿ ತಾಗುವುದು ಅದಕ್ಕೇ. ಮುಂದಿನ ಎರಡೂ ಗಾಲಿಗಳಲ್ಲಿ, ಕ್ಯಾಲಿಪರ್‌ನ ಆಯಿಲ್ ಹೊರಬಿಡಲೆಂದೇ ಇರುವ ತಿರುಪಾದ ಬ್ಲೀಡರ್ ನಿಪ್ಪಲ್‌ನಿಂದ ಪಾರದರ್ಶಕ ಬಾಟಲಿಗೆ ಸ್ವಲ್ಪ ಸ್ವಲ್ಪ ಆಯಿಲ್ ಇಳಿಸಿದಾಗ ಎಡಗಡೆಯದು ತಿಳಿಗಂದು ಬಣ್ಣದಲ್ಲಿ ಬಂತು, ಬಲಗಡೆಯದು ಹೆಚ್ಚುಕಡಿಮೆ ಕಪ್ಪಾಗಿಯೇ ಬಂತು. ಒಂದೇ ತೊಟ್ಟಿ, ಒಂದೇ ವಯಸ್ಸಿನ ಆಯಿಲ್; ಬಣ್ಣ ಮಾತ್ರ ಬೇರೆ. ಬಲಗಾಲಿಯೊಂದೇ ಬಹಳ ಕಾಲದಿಂದ ಕಾಯುತ್ತಿದೆ ಎಂಬುದಕ್ಕೆ ಇದು ಮೊದಲ ಪುರಾವೆ.

ಎರಡನೆಯ ಪುರಾವೆಗೆ ಗಾಡಿಯನ್ನು ರಸ್ತೆಗೆ ಒಯ್ಯಲಾಯಿತು. ಸಾಗರ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಓಡಿಸಿ, ನಡುನಡುವೆ ಬ್ರೇಕ್ ಹಾಕಿ, ಕೊನೆಯ ಭಾಗದಲ್ಲಿ ಬ್ರೇಕನ್ನು ಆದಷ್ಟು ಮುಟ್ಟದೆ ಗೇರ್ ಇಳಿಸುತ್ತ ಬಂದು ನಿಲ್ಲಿಸಿದ ಮೇಲೆ ಮೆಕ್ಯಾನಿಕ್ ಪ್ರತಿ ಗಾಲಿಯ ಹತ್ತಿರ ಅಂಗೈ ಹಿಡಿದು ನೋಡಿದರು, ಮುಟ್ಟಲಿಲ್ಲ. ನಂತರ ರಿಮ್‌ನ ಮೇಲೆ ಬೆರಳಿನಿಂದ ನೀರು ಸಿಡಿಸಿದರು. ಎಡಗಾಲಿಯಲ್ಲಿ ಹನಿಗಳು ಹಾಗೆಯೇ ಜಾರಿ ಬಿದ್ದವು. ಬಲಗಾಲಿಯಲ್ಲಿ ಚುರ್ ಎಂದು ಆವಿಯಾದವು. ಕಾದ ಡಿಸ್ಕ್‌ಗೆ ನೀರು ಬಿದ್ದರೆ ಅದು ಸೊಟ್ಟಗಾಗುವ ಸಂಭವವಿದೆ, ಆದ್ದರಿಂದ ಈ ಪರೀಕ್ಷೆ ರಿಮ್‌ಗೆ ಸೀಮಿತವಾಗಿರಬೇಕು. ಹಿಂದಿನ ಡ್ರಮ್‌ಗಳಂತೂ ಬಹುತೇಕ ತಣ್ಣಗೇ ಇದ್ದವು. ಅದು ಆ ಹೊತ್ತಿಗೆ ಸಣ್ಣ ವಿಷಯವಾಗಿ ಕಂಡಿತಾದರೂ ಸಣ್ಣ ವಿಷಯವಾಗಿರಲಿಲ್ಲ.

ಹೋಸ್‌ನ ಪರೀಕ್ಷೆ

ಬಲಗಾಲಿ ಬ್ರೇಕ್ ಬಿಟ್ಟ ಮೇಲೂ ಉಜ್ಜುತ್ತಿದೆ ಎಂಬುದು ಈಗ ಖಚಿತವಾಯಿತು. ಉಜ್ಜುವುದಕ್ಕೆ ಮೂರು ಕಾರಣಗಳಿರಬಹುದು: ಕ್ಯಾಲಿಪರ್‌ನ ಪಿಸ್ಟನ್ ಅಥವಾ ಜಾರುವ ಪಿನ್‌ಗಳು ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು, ಒತ್ತಡ ಮಾಸ್ಟರ್ ಸಿಲಿಂಡರ್‌ನಲ್ಲೇ ಬಿಡುಗಡೆಯಾಗದೆ ಉಳಿಯುತ್ತಿರಬಹುದು, ಇವೆರಡರ ನಡುವೆ ಎಲ್ಲೋ ತಡೆ ಇರಬಹುದು. ಇವನ್ನು ಬೇರ್ಪಡಿಸಲು ಏನನ್ನೂ ಬಿಚ್ಚಬೇಕಾಗಿಲ್ಲ, ಏನನ್ನೂ ಕೊಳ್ಳಬೇಕಾಗಿಲ್ಲ. ಒಂದು ಸ್ಪ್ಯಾನರ್ ಸಾಕು.

ಗಾಡಿಯ ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟ ಮೇಲೆ ಎಂಜಿನ್ ಚಾಲೂ ಮಾಡಿ ಪೆಡಲನ್ನು ಹಲವು ಬಾರಿ ಬಲವಾಗಿ ತುಳಿದು ಬಿಡಲಾಯಿತು. ಎಡಗಾಲಿ ಕೈಯಿಂದ ಸಲೀಸಾಗಿ ತಿರುಗಿತು. ಬಲಗಾಲಿ ಎರಡು ಕೈ ಹಾಕಿದರೂ ಅಲುಗಲಿಲ್ಲ. ಎಡಗಾಲಿ ಬಿಟ್ಟುಕೊಂಡಿತು ಎಂದಮೇಲೆ ಮಾಸ್ಟರ್ ಸಿಲಿಂಡರ್ ನಿರಪರಾಧಿ, ಏಕೆಂದರೆ ಎರಡೂ ಮುಂದಿನ ಗಾಲಿಗಳಿಗೆ ಒತ್ತಡ ಹೋಗುವುದು ಅದರ ಒಂದೇ ಭಾಗದಿಂದ.

ಆಮೇಲೆ ಬಲ ಕ್ಯಾಲಿಪರ್‌ನ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದಾಗ ಆಯಿಲ್ ಒಮ್ಮೆ ಚಿಮ್ಮಿ ನಿಂತಿತು, ಗಾಲಿ ತಿರುಗತೊಡಗಿತು. ಪಿಸ್ಟನ್ ತುಕ್ಕಿನಿಂದ ಸಿಕ್ಕಿಕೊಂಡಿದ್ದರೆ ಆಯಿಲ್ ಹೊರಹಾಕಿದ ಮಾತ್ರಕ್ಕೆ ಗಾಲಿ ಬಿಡುತ್ತಿರಲಿಲ್ಲ. ಒಳಗೆ ಒತ್ತಡ ಸೆರೆಯಾಗಿತ್ತು ಎಂದಾಯಿತು. ನಿಪ್ಪಲ್ ಬಿಗಿದು, ಮತ್ತೆ ಪೆಡಲ್ ತುಳಿದು ಬಲಗಾಲಿಯನ್ನು ಜಾಮ್ ಮಾಡಿಸಿ, ಈ ಬಾರಿ ನಿಪ್ಪಲ್ ಮುಟ್ಟದೆ, ಚಾಸಿಸ್‌ನ ಉಕ್ಕಿನ ಪೈಪು ರಬ್ಬರ್ ಹೋಸ್‌ಗೆ ಸೇರುವ ಜಾಗದ ನಟ್ಟನ್ನು ಸಡಿಲಿಸಲಾಯಿತು. ಎರಡು ತೊಟ್ಟು ಆಯಿಲ್ ಇಳಿಯಿತು, ಅಷ್ಟೇ. ಗಾಲಿ ಜಾಮ್ ಆಗಿಯೇ ಉಳಿಯಿತು. ಹೋಸ್‌ನ ಮೇಲ್ತುದಿ ತೆರೆದರೆ ಬಿಡದ ಒತ್ತಡ ಕೆಳಗೆ ಕ್ಯಾಲಿಪರ್‌ನಲ್ಲಿ ತೆರೆದರೆ ಬಿಡುತ್ತದೆ ಎಂದಮೇಲೆ ತಡೆ ಹೋಸ್‌ನೊಳಗಲ್ಲದೆ ಬೇರೆಲ್ಲೂ ಇರಲಾರದು.

ಬ್ರೇಕ್ ಒತ್ತುವಾಗ ದಾಟುವ ಆಯಿಲ್ ಬಿಡುವಾಗ ಏಕೆ ದಾಟುವುದಿಲ್ಲ ಎಂದು ಚಾಲಕ ಕೇಳಿದ. ಒಳ್ಳೆಯ ಪ್ರಶ್ನೆ. ಒತ್ತುವಾಗ ಬೂಸ್ಟರ್‌ನ ಬಲವೂ ಸೇರಿ ಆಯಿಲನ್ನು ಎಷ್ಟೇ ಕಿರಿದಾದ ದಾರಿಯಲ್ಲೂ ನುಗ್ಗಿಸುತ್ತದೆ. ವಾಪಸ್ ಬರುವಾಗ ಅದನ್ನು ತಳ್ಳುವುದು ಪಿಸ್ಟನ್‌ನ ಸುತ್ತಲಿನ ರಬ್ಬರ್ ಸೀಲ್ ಮಾತ್ರ. ಬಾಗಿದ ಸೀಲ್ ತನ್ನ ಆಕಾರಕ್ಕೆ ಮರಳುವಾಗ ಪಿಸ್ಟನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಡ್ರಮ್ ಬ್ರೇಕ್‌ನಲ್ಲಿರುವಂತೆ ಬಲವಾದ ರಿಟರ್ನ್ ಸ್ಪ್ರಿಂಗ್ ಡಿಸ್ಕ್ ಬ್ರೇಕ್‌ನಲ್ಲಿ ಇಲ್ಲ. ದಿಕ್ಕು ಬದಲಿಸುವ ಎಳೆತಕ್ಕೂ ಉತ್ತರ ಇಲ್ಲೇ ಇತ್ತು: ಒತ್ತಿದಾಗ ಬಲಗಾಲಿಗೆ ಒತ್ತಡ ತಡವಾಗಿ ತಲುಪುವುದರಿಂದ ಗಾಡಿ ಎಡಕ್ಕೆ, ಬಿಟ್ಟಾಗ ಅದೇ ಗಾಲಿ ತಡವಾಗಿ ಬಿಡುವುದರಿಂದ ಬಲಕ್ಕೆ.

ಬಿಚ್ಚಿ ತೆಗೆದ ಹೋಸ್ ಹೊರಗಿನಿಂದ ಬಿರುಕಿಲ್ಲದೆ, ಉಬ್ಬಿಲ್ಲದೆ ಇತ್ತು. ಅದನ್ನು ಚಾಸಿಸ್‌ಗೆ ಹಿಡಿದಿಡುವ ತಗಡಿನ ಬ್ರಾಕೆಟ್ ಮಾತ್ರ ಕೆಮ್ಮಣ್ಣಿನ ಕೆಸರು ಮತ್ತು ತುಕ್ಕಿನಿಂದ ಪದರ ಪದರವಾಗಿ ಊದಿಕೊಂಡಿತ್ತು. ಮೆಕ್ಯಾನಿಕ್ ಹ್ಯಾಕ್ಸಾ ಬ್ಲೇಡಿನಿಂದ ಬ್ರಾಕೆಟ್ ಕತ್ತರಿಸಿ, ಚಾಕುವಿನಿಂದ ಹೋಸನ್ನು ಉದ್ದಕ್ಕೆ ಸೀಳಿದಾಗ ಒಳಗಿನದು ಕಾಣಿಸಿತು. ಎರಡೂ ತುದಿಗಳಲ್ಲಿ ರಂಧ್ರ ಸರಿಯಾಗಿಯೇ ಇತ್ತು. ಬ್ರಾಕೆಟ್ ಇದ್ದ ಜಾಗದಲ್ಲಿ ಒಳಪದರ ಒಳಕ್ಕೆ ಬಾಗಿ, ಸೂಜಿ ತೂರುವಷ್ಟೇ ಸಂದು ಉಳಿದಿತ್ತು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹೊರಗೆ ಹಿಗ್ಗಲು ಎಡೆಯಿಲ್ಲದ ತಗಡಿನ ಬಳೆ ಒಳಕ್ಕೆ ಹಿಗ್ಗಿ ರಬ್ಬರನ್ನು ಹಿಸುಕಿತ್ತು. ಬಯಲುಸೀಮೆಯ ಗಾಡಿಯಲ್ಲಿ ಹೋಸ್ ಸಾಮಾನ್ಯವಾಗಿ ಬಿಸಿಲಿಗೆ ಒಣಗಿ ಹೊರಗಿನಿಂದ ಬಿರಿಯುತ್ತದೆ, ಕಣ್ಣಿಗೂ ಕಾಣುತ್ತದೆ. ಮಲೆನಾಡಿನ ಗಾಡಿಯಲ್ಲಿ ಬ್ರಾಕೆಟ್‌ಗಳನ್ನು ಒಂದೊಂದಾಗಿ ಕೆರೆದು ನೋಡುವುದು ಲೇಸು.

ಹಿಂದಿನ ಬ್ರೇಕ್‌ನ ಸೋಮಾರಿತನ

ಹೋಸ್ ಒಂದನ್ನೇ ಬದಲಿಸಿ ಗಾಡಿ ಕಳುಹಿಸಿದ್ದರೂ ದೂರು ನಿಲ್ಲುತ್ತಿತ್ತೇನೋ. ಆದರೆ ಹಿಂದಿನ ಡ್ರಮ್‌ಗಳು ತಣ್ಣಗಿದ್ದದ್ದು ಮೆಕ್ಯಾನಿಕ್‌ರ ತಲೆಯಿಂದ ಹೋಗಿರಲಿಲ್ಲ. ಡ್ರಮ್ ತೆಗೆದಾಗ ಶೂಗಳು ಹೊಸದರಂತೆಯೇ ಇದ್ದವು; ಅಡ್ಜಸ್ಟರ್‌ಗಳು ಕೆಸರು ಕಚ್ಚಿಕೊಂಡು ತಿರುಗದೆ, ಶೂ ಮತ್ತು ಡ್ರಮ್‌ನ ನಡುವೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಅಂತರ ಬಿದ್ದಿತ್ತು.

ಅದಕ್ಕಿಂತ ಮುಖ್ಯವಾದದ್ದು ಲೋಡ್ ಗ್ರಹಿಸುವ ವಾಲ್ವ್‌ನ ಸ್ಥಿತಿ. ಲೋಡ್ ಹೇರಿದಾಗ ಚಾಸಿಸ್ ತಗ್ಗಿ ಆಕ್ಸಲ್‌ಗೆ ಹತ್ತಿರವಾಗುತ್ತದೆ. ಆಗ ಅದರ ಕಡ್ಡಿ ಸರಿದು ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಹಿಂದಿನ ಗಾಲಿ ಜಾರದಿರಲೆಂದು ಒತ್ತಡ ಕಡಿಮೆ ಮಾಡುತ್ತದೆ. ಈ ಗಾಡಿಯ ಹಿಂದಿನ ಸ್ಪ್ರಿಂಗ್ ಕಟ್ಟಿಗೆ, ಹೆಚ್ಚು ಲೋಡ್ ಹೇರಲೆಂದು, ಮಾಲೀಕರು ಪ್ರತಿ ಬದಿಯಲ್ಲೂ ಒಂದೊಂದು ಹೆಚ್ಚುವರಿ ಉಕ್ಕಿನ ಪಟ್ಟಿ (ಲೀಫ್) ಹಾಕಿಸಿದ್ದರು. ಅದರಿಂದ ಲೋಡ್ ಹೇರಿದರೂ ಚಾಸಿಸ್ ತಗ್ಗುತ್ತಿರಲಿಲ್ಲ. ವಾಲ್ವ್‌ನ ಲೆಕ್ಕದಲ್ಲಿ ಗಾಡಿ ಸದಾ ಖಾಲಿ. ಬಾಳೆಗೊನೆ ತುಂಬಿ ಘಾಟಿ ಇಳಿಯುವಾಗಲೂ ಹಿಂದಿನ ಬ್ರೇಕ್ ಖಾಲಿ ಗಾಡಿಯ ಪಾಲನ್ನಷ್ಟೇ ಹೊತ್ತು, ಉಳಿದ ಭಾರವನ್ನು ಮುಂದಕ್ಕೆ ದಾಟಿಸುತ್ತಿತ್ತು. ಮುಂದೆ ಬಲಗಾಲಿ ಮೊದಲೇ ಉಜ್ಜಿ ಕಾದಿರುತ್ತಿತ್ತು. ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದ ಅತ್ಯಂತ ಅಪಾಯಕಾರಿ ಅಂಶ ಹೋಸ್ ಅಲ್ಲ, ಈ ಪಟ್ಟಿ. ಏಕೆಂದರೆ ಮುಂದಿನ ಭಾಗದ ಆಯಿಲ್ ಕುದಿದಾಗ ಗಾಡಿಯನ್ನು ಹಿಡಿಯಬೇಕಾಗಿದ್ದದ್ದು ಇದೇ ಹಿಂದಿನ ಬ್ರೇಕ್.

ಚಾಲನೆಯ ಪ್ರಶ್ನೆಯೂ ಬಂತು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಅಭ್ಯಾಸ ಉಂಟೇ ಎಂದು ಮೆಕ್ಯಾನಿಕ್ ಕೇಳಿದಾಗ ಚಾಲಕ ಮಾಲೀಕರ ಮುಖ ನೋಡಿದ. "ಅವನಿಗೆ ನಾನೇ ಹೇಳಿದ್ದು ಮಾರಾಯ್ರೆ" ಎಂದರು ಮಾಲೀಕರು. ಗೇರಿನಲ್ಲಿ ಇಳಿಯುವಾಗ ಎಂಜಿನ್ ಹೊರುವ ಪಾಲನ್ನೂ ನ್ಯೂಟ್ರಲ್ ಬ್ರೇಕ್‌ನ ಮೇಲೆಯೇ ಹೇರುತ್ತದೆ. ಎಂಜಿನ್ ಆಫ್ ಮಾಡಿಕೊಂಡು ಇಳಿಯುವವರ ಗತಿ ಇನ್ನೂ ಕಷ್ಟ: ವ್ಯಾಕ್ಯೂಮ್ ಪಂಪ್ ನಿಂತು, ಕೆಲವೇ ಸಲ ತುಳಿಯುವಷ್ಟರಲ್ಲಿ ಬೂಸ್ಟರ್‌ನ ನೆರವೂ ಮುಗಿಯುತ್ತದೆ.

ರಿಪೇರಿ ಮತ್ತು ಪರೀಕ್ಷೆ

ಮುಂದಿನ ಎರಡೂ ಹೋಸ್‌ಗಳನ್ನು ಬದಲಿಸಲಾಯಿತು. ಎಡಗಡೆಯದು ಇನ್ನೂ ಕೆಲಸ ಮಾಡುತ್ತಿತ್ತಾದರೂ ಅದರ ಬ್ರಾಕೆಟ್ ಕೂಡ ಊದತೊಡಗಿತ್ತು. ಬಲ ಕ್ಯಾಲಿಪರ್ ಬಿಚ್ಚಿ ಸೀಲ್ ಕಿಟ್ ಹಾಕಲಾಯಿತು. ಅಷ್ಟು ಕಾಲ ಕಾದ ರಬ್ಬರ್ ಸೀಲನ್ನು ನಂಬುವಂತಿರಲಿಲ್ಲ. ಜಾರುವ ಪಿನ್‌ಗಳಿಗೆ ಯಾರೋ ಬೇರಿಂಗ್ ಗ್ರೀಸ್ ಹಚ್ಚಿದ್ದರು. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಬ್ರೇಕ್‌ನ ರಬ್ಬರ್ ಭಾಗಗಳು ಊದುತ್ತವೆ, ಆದ್ದರಿಂದ ಅದನ್ನು ಪೂರ್ತಿ ಒರೆಸಿ ಬ್ರೇಕ್‌ಗೆಂದೇ ಮಾಡಿದ ಗ್ರೀಸ್ ಬಳಸಲಾಯಿತು. ಡಿಸ್ಕ್‌ನ ಮೇಲೆ ನೀಲಿ ಛಾಯೆ ಇದ್ದರೂ ದಪ್ಪ ಮಿತಿಯೊಳಗಿತ್ತು, ಬಿರುಕಿರಲಿಲ್ಲ. ಪ್ಯಾಡ್‌ಗಳನ್ನು ಎರಡೂ ಬದಿ ಬದಲಿಸಲಾಯಿತು. ಹಿಂದಿನ ಅಡ್ಜಸ್ಟರ್‌ಗಳನ್ನು ತೊಳೆದು, ಶೂ ಅಂತರ ಸರಿಪಡಿಸಿದಾಗ ಹ್ಯಾಂಡ್‌ಬ್ರೇಕ್ ಕೂಡ ತಾನಾಗಿ ಬಿಗಿಯಾಯಿತು. ಹಳೆಯ ಆಯಿಲ್ ಪೂರ್ತಿ ಹೊರಹೋಗುವಂತೆ, ಮೊಹರು ಒಡೆಯದ ಡಬ್ಬಿಗಳಿಂದ, ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಹಿಂದಿನ ಎಡಗಾಲಿಯಿಂದ ಆರಂಭಿಸಿ ಏರ್ ತೆಗೆಯಲಾಯಿತು. ಆ ಹೊತ್ತಿನಲ್ಲಿ ಹಿಂದಿನ ಗಾಲಿಗಳು ನೆಲದ ಮೇಲೆಯೇ ಇದ್ದವು. ಅವು ಜೋಲಾಡುತ್ತಿದ್ದರೆ ಲೋಡ್ ವಾಲ್ವ್ ದಾರಿ ಕಿರಿದಾಗಿಸಿ ಹಿಂದಿನ ಗಾಳಿ ಸರಿಯಾಗಿ ಹೊರಬಾರದು.

ಮೊದಲು ಖಾಲಿ ಗಾಡಿಯಲ್ಲಿ ಹಿಂದಿನ ಸಾಗರ ರಸ್ತೆಯ ಪರೀಕ್ಷೆಯನ್ನೇ ಮರುಮಾಡಿದಾಗ ಮುಂದಿನ ಎರಡೂ ರಿಮ್‌ಗಳಲ್ಲಿ ನೀರು ಒಂದೇ ರೀತಿ ಜಾರಿತು. ನಂತರ ಲೋಡ್ ಹೇರಿ, ಬಾಳೆಬರೆಯನ್ನು ಹತ್ತುವಾಗ ಬೇಕಾಗುವ ಗೇರಿನಲ್ಲೇ ಇಳಿದು, ಹೊಸಂಗಡಿಯಲ್ಲಿ ನಿಲ್ಲಿಸಿ ನೋಡಿದಾಗ ಪೆಡಲ್‌ನ ಎತ್ತರ ಮೇಲೆ ಇದ್ದಷ್ಟೇ ಇತ್ತು. ನಾಲ್ಕೂ ಗಾಲಿಗಳು ಬಿಸಿಯಾಗಿದ್ದವು, ಹಿಂದಿನ ಡ್ರಮ್‌ಗಳೂ ಸೇರಿ.

ಹೆಚ್ಚುವರಿ ಪಟ್ಟಿಯ ವಿಚಾರದಲ್ಲಿ ಮಾತ್ರ ಚರ್ಚೆ ಎಳೆದಾಡಿತು. ಪಟ್ಟಿ ಇರಲಿ, ವಾಲ್ವ್‌ನ ಕಡ್ಡಿಯನ್ನೇ ಸ್ವಲ್ಪ ಬಗ್ಗಿಸಿಬಿಡಿ ಎಂಬುದು ಮಾಲೀಕರ ವಾದ. ಕಡ್ಡಿಯ ಅಳತೆ ಕಂಪನಿ ಕೊಟ್ಟ ಸ್ಪ್ರಿಂಗ್‌ಗೆ ಹೊಂದುವಂಥದ್ದು, ಅಂದಾಜಿನಲ್ಲಿ ಬಗ್ಗಿಸಿದರೆ ಖಾಲಿ ಇದ್ದಾಗ ಮಳೆಯ ರಸ್ತೆಯಲ್ಲಿ ಹಿಂದಿನ ಗಾಲಿ ಕಟ್ಟಿಕೊಂಡು ಗಾಡಿ ಅಡ್ಡ ತಿರುಗುತ್ತದೆ ಎಂದು ಮೆಕ್ಯಾನಿಕ್ ಒಪ್ಪಲಿಲ್ಲ. ಕೊನೆಗೆ ಎರಡೂ ಬದಿಯ ಪಟ್ಟಿಗಳನ್ನು ತೆಗೆದ ಮೇಲೆಯೇ ಘಾಟಿಯ ಪರೀಕ್ಷೆ ನಡೆದದ್ದು. ಶುಂಠಿ ಕೀಳುವ ಕಾಲಕ್ಕೆ ಮತ್ತೆ ಹಾಕಿಸಬೇಕಾಗಬಹುದು ಎಂದು ಮಾಲೀಕರು ಅವನ್ನು ಗಾಡಿಯಲ್ಲೇ ಹಾಕಿಕೊಂಡು ಹೋದರು; ತೆಗೆದ ಕಾರಣವನ್ನು ಮೆಕ್ಯಾನಿಕ್ ಬಿಲ್ಲಿನ ಹಿಂಬದಿಯಲ್ಲಿ ಬರೆದು, ಚಾಲಕನಿಗೂ ಓದಿ ಹೇಳಿ ಕೊಟ್ಟರು.